ಆತುರ ಬೇಡ, ಪ್ರಸನ್ನ

ಚಿ. ಪ್ರಸನ್ನನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೇಷ್ಟ್ರ ಕೆಲಸ ಬಿಟ್ಟು ಬರೀ ಕವಿತೆ ಬರೆದುಕೊಂಡು ಇರುತ್ತೇನೆ ಅಂತ ಕಾಗದ ಹಾಕಿದ್ದೀಯ. ಐರ್ಲೆಂಡಿನ ಕವಿ ಶೇಮಸ್ ಹೀನಿಯೂ 1972ರಲ್ಲಿ ಬೆಲ್‌ಫಾಸ್ಟಿನ ಯೂನಿವರ್ಸಿಟಿ ಕೆಲಸ ಬಿಟ್ಟು, ಹೆಂಡತಿ ಮಕ್ಕಳ ಜೊತೆ ವಿಕ್ಲೋದ ಹಳ್ಳಿಮನೆಗೆ ಹೋಗಲಿಲ್ಲವೇ ಅಂತ ಕೇಳಿದ್ದೀಯ. ಹೋದರು, ನಿಜ. ಅದಕ್ಕೆ ಮುಂಚೆ ಏನು ಮಾಡುತ್ತಿದ್ದರು ಅಂತಲೂ ನೋಡಬೇಕಲ್ವಾ? 1962ರಲ್ಲಿ ಬೆಲ್‌ಫಾಸ್ಟಿನ ಬ್ಯಾಲಿಮರ್ಫಿಯ ಶಾಲೆಯಲ್ಲಿ ಮೇಷ್ಟ್ರು. ಆಮೇಲೆ ಟ್ರೈನಿಂಗ್ ಕಾಲೇಜು, ಆಮೇಲೆ ಯೂನಿವರ್ಸಿಟಿ. 1966ರಲ್ಲಿ ಬಂದ ಮೊದಲ ಸಂಕಲನ ಪಾಠ ಮಾಡುತ್ತಲೇ ಬರೆದದ್ದು. ಕೆಲಸ ಬಿಟ್ಟ ಮೇಲೂ 1975ರಲ್ಲಿ ಡಬ್ಲಿನ್‌ನ ಕಾಲೇಜಿನಲ್ಲಿ ಮತ್ತೆ ಪಾಠಕ್ಕೆ ನಿಂತರು. 1995ರಲ್ಲಿ ನೊಬೆಲ್ ಬಂದಾಗ ಹಾರ್ವರ್ಡ್‌ನಲ್ಲಿ ಮೇಷ್ಟ್ರೇ.

ನನಗೆ ಕೆಲಸಕ್ಕಿಂತ ನಿನ್ನ ಆತುರದ್ದೇ ಚಿಂತೆ. ಅಜ್ಜಿ ತೀರಿಕೊಂಡ ವಾರವೇ ಕವಿತೆ ಬರೆದೆ. ಕಣ್ಣೀರು, ಶೂನ್ಯ, ಕತ್ತಲು ಎಲ್ಲ ಇತ್ತು. ಅಜ್ಜಿ ಮಾತ್ರ ಇರಲಿಲ್ಲ, ಮಗು.

ಹೀನಿಯವರ ‘ಮಿಡ್-ಟರ್ಮ್ ಬ್ರೇಕ್’ ಕವಿತೆ ಓದು. 1953ರಲ್ಲಿ ಅವರ ನಾಲ್ಕು ವರ್ಷದ ತಮ್ಮ ಕ್ರಿಸ್ಟೋಫರ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಇವರಿಗಾಗ ಹದಿಮೂರು, ಡೆರ್‍ರಿಯ ಹಾಸ್ಟೆಲ್‌ನಲ್ಲಿದ್ದರು. ಕವಿತೆ ಅಚ್ಚಾಗುವ ಹೊತ್ತಿಗೆ ಸುಮಾರು ಹತ್ತು ವರ್ಷ ಕಳೆದಿತ್ತು. ಕವಿತೆಯಲ್ಲಿ ಹುಡುಗ ಹಾಸ್ಟೆಲ್‌ನಿಂದ ಮನೆಗೆ ಬರುತ್ತಾನೆ. ಬಾಗಿಲಲ್ಲಿ ಅಪ್ಪ ಅಳುತ್ತಿದ್ದಾನೆ. ಒಳಗೆ ತಳ್ಳುಗಾಡಿಯಲ್ಲಿ ಮಲಗಿದ ಕೂಸು ಏನೂ ತಿಳಿಯದೆ ನಗುತ್ತಿದೆ. ದೊಡ್ಡವರೆಲ್ಲ ಎದ್ದು ನಿಂತು ಕೈ ಕುಲುಕುತ್ತಾರೆ, ಹುಡುಗನಿಗೆ ಮುಜುಗರ. ಅಮ್ಮ ಅವನ ಕೈ ಹಿಡಿದುಕೊಂಡಿದ್ದಾಳೆ, ಅವಳ ನಿಟ್ಟುಸಿರಲ್ಲಿ ಸಿಟ್ಟಿದೆ, ಕಣ್ಣಲ್ಲಿ ನೀರಿಲ್ಲ. ಕೊನೆಗೆ ತಮ್ಮನ ನಾಲ್ಕಡಿ ಶವಪೆಟ್ಟಿಗೆ, ವರ್ಷಕ್ಕೊಂದಡಿ. ನನಗೆ ದುಃಖವಾಯಿತು ಅಂತ ಎಲ್ಲೂ ಹೇಳುವುದಿಲ್ಲ. ಓದುವವರ ಗಂಟಲು ಕಟ್ಟುತ್ತದೆ. ಆ ಕೂಸಿನ ನಗುವನ್ನು ಬಿಡದೆ ಇಟ್ಟುಕೊಂಡಿದ್ದಾರಲ್ಲ, ಅದಕ್ಕೆ ದೊಡ್ಡ ಎದೆ ಬೇಕು.

ನಮ್ಮ ಅಜ್ಜಿ ಕೊನೇ ದಿನ ಹಾಲಿನವನ ಬಾಕಿ ಕೊಟ್ಟಾಯಿತಾ ಅಂತ ಕೇಳಿದ್ದಳು. ನೀನು ಪಕ್ಕದಲ್ಲೇ ಇದ್ದೆ. ಅದು ನಿನ್ನ ಕವಿತೆಯಲ್ಲಿ ಯಾಕಿಲ್ಲ?

ಪರೀಕ್ಷೆ ಮುಗಿಯುವವರೆಗೂ ರಾಜೀನಾಮೆ ಕೊಡಬೇಡ. ಬೇಸಿಗೆ ರಜೆಯಲ್ಲಿ ಅಜ್ಜಿಯ ಕವಿತೆ ತೆಗೆದುಕೊಂಡು ಬಾ, ಇಬ್ಬರೂ ಕೂತು ಸಾಲು ಸಾಲಾಗಿ ಓದೋಣ. ಆಮೇಲೂ ಕೆಲಸ ಬಿಡಬೇಕು ಅನ್ನಿಸಿದರೆ ನಿಮ್ಮಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ