ಪೂರ್ತಿ ಹಾಡಿಗೆ ಮೊದಲು ಒಂದು ನಿಮಿಷದ ಮಾದರಿ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಮಿಕ್ಸಿಂಗ್ (ದನಿ, ವಾದ್ಯಗಳ ಟ್ರ್ಯಾಕುಗಳನ್ನು ಹದವಾಗಿ ಬೆರೆಸುವ) ಕೆಲಸದಲ್ಲಿ ಎರಡು ಬದಲಾವಣೆ ಮಾಡುತ್ತಿದ್ದೇವೆ. ಮನೆಯಲ್ಲೇ ಹಾಡಿ, ನುಡಿಸಿ ನಮಗೆ ಕಳಿಸುವವರು ಇನ್ನು ಮುಂದೆ ಪೂರ್ತಿ ಹಾಡು ರೆಕಾರ್ಡ್ ಮಾಡುವ ಮೊದಲು ಒಂದು ನಿಮಿಷದ ಮಾದರಿ ಕಳಿಸಬೇಕು. ನಾವು ಕೇಳಿ, ಸರಿಯಿದೆ ಎಂದ ಮೇಲೆ ಉಳಿದದ್ದನ್ನು ಹಾಡಿದರಾಯಿತು. ಮಾದರಿ ಕೇಳುವುದಕ್ಕೆ ಶುಲ್ಕವಿಲ್ಲ, ಎಷ್ಟು ಸಲ ಕಳಿಸಿದರೂ ಇಲ್ಲ. ಎರಡನೆಯದು, ದರಪಟ್ಟಿಯಲ್ಲಿದ್ದ ‘ಗದ್ದಲ ತೆಗೆಯುವುದು’ ಎಂಬ ಬಾಬತ್ತನ್ನು ಕೈಬಿಟ್ಟಿದ್ದೇವೆ. ಮಿಕ್ಸಿಂಗ್, ಮಾಸ್ಟರಿಂಗ್ (ಬೆರೆಸಿದ ಹಾಡಿಗೆ ಕೊನೆಯ ಹದ ಕೊಡುವುದು) ದರಗಳು ಹಿಂದಿನವೇ.

ದುಡ್ಡು ಕೊಡುತ್ತೇವೆಂದರೂ ಗದ್ದಲ ಏಕೆ ತೆಗೆಯುವುದಿಲ್ಲ ಎಂದು ಕೇಳುವವರಿದ್ದಾರೆ. ಆ ಸಾಫ್ಟ್‌ವೇರ್ ಮಾಡುವುದು ಕಳೆಯುವ ಲೆಕ್ಕ. ಫ್ಯಾನಿನ ಸದ್ದು ಯಾವ ಯಾವ ಕಂಪನಾಂಕದಲ್ಲಿ ಎಷ್ಟಿದೆ ಎಂದು ನೋಡಿ, ಅಷ್ಟನ್ನು ಎಲ್ಲ ಕಡೆಯಿಂದ ಕಳೆಯುತ್ತದೆ. ದನಿ ತುಂಬಿ ಬಂದಲ್ಲಿ ಏನೂ ಗೊತ್ತಾಗುವುದಿಲ್ಲ. ಆದರೆ ಗಮಕದ ಬಾಲ, ಸಾಲಿನ ಕೊನೆಯ ಉಸಿರು, ವೀಣೆಯ ಮೀಟು ಕರಗುವ ಹೊತ್ತು, ಇಲ್ಲೆಲ್ಲ ಸಂಗೀತವೂ ಗದ್ದಲದ ಮಟ್ಟಕ್ಕೇ ಇಳಿದಿರುತ್ತದೆ. ಆಗ ಅದೂ ಜೊತೆಗೇ ಹೋಗಿ, ನೀರಿನೊಳಗಿಂದ ಬಂದಂಥ ಗುಳುಗುಳು ಉಳಿಯುತ್ತದೆ. ಮಾತಿಗೆಂದೇ ತಯಾರಾದ ಹೊಸ ಉಪಕರಣಗಳು ಇನ್ನೂ ಒಂದು ಹೆಜ್ಜೆ ಮುಂದೆ: ಒಂದೇ ಸಮನೆ ಮಿಡಿಯುವ ತಂಬೂರಿಯನ್ನೇ ಗದ್ದಲವೆಂದು ತಿಳಿದು ಒರೆಸಿಬಿಡುತ್ತವೆ. ಗೋಡೆಯ ಮಾರ್ದನಿಯಂತೂ ನಿಮ್ಮ ದನಿಯದೇ ನೆರಳು. ಅದನ್ನು ದನಿಯಿಂದ ಬಿಡಿಸುವುದು ಹಾಲಿಗೆ ಬಿದ್ದ ನೀರನ್ನು ಹೆಕ್ಕಿದಂತೆ. ಆ ಕೆಲಸಕ್ಕೆ ಹೋಗುತ್ತಿದ್ದ ಹೊತ್ತನ್ನು ಇನ್ನು ನಿಮ್ಮ ಮಾದರಿ ಕೇಳುವುದಕ್ಕೆ ಕೊಡುತ್ತೇವೆ.

ಮೊದಲು ಕೋಣೆಯ ವಿಷಯ. ಹೊಸಬರು ಸಾಮಾನ್ಯವಾಗಿ ಮೈಕಿಗೆ ದುಡ್ಡು ಹಾಕುತ್ತಾರೆ, ಆದರೆ ತೊಂದರೆ ಇರುವುದು ಟೈಲ್ಸ್ ನೆಲ, ಆರ್‌ಸಿಸಿ ತಾರಸಿ ಮತ್ತು ನಾಲ್ಕು ಬರಿಗೋಡೆಗಳಲ್ಲಿ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಹಿಂದೆಯೇ ‘ಝಿಣ್’ ಎಂದು ಲೋಹದಂಥ ಸದ್ದು ಬಂದರೆ ಎದುರುಬದುರು ಗೋಡೆಗಳು ದನಿಯನ್ನು ಚೆಂಡಿನಂತೆ ಆಡಿಸುತ್ತಿವೆ ಎಂದರ್ಥ. ಮನೆಯ ಎಲ್ಲ ಕೋಣೆಗಳಲ್ಲೂ ತಟ್ಟಿ ನೋಡಿ, ಸದ್ದು ಬೇಗ ಸಾಯುವ ಕೋಣೆಯನ್ನು ಆರಿಸಿಕೊಳ್ಳಿ. ಬಹುಪಾಲು ಮನೆಗಳಲ್ಲಿ ಅದು ಹತ್ತಿ ಹಾಸಿಗೆ, ಬಟ್ಟೆ ತುಂಬಿದ ಬೀರು ಇರುವ ಮಲಗುವ ಕೋಣೆ. ಬೀರುವಿನ ಬಾಗಿಲು ತೆರೆದಿಟ್ಟರೆ ಸೀರೆಗಳೂ ದುಡಿಯುತ್ತವೆ.

ಮೊಟ್ಟೆ ಟ್ರೇ ಅಂಟಿಸಬೇಡಿ. ಅದು ತೆಳು ರಟ್ಟು, ಎತ್ತರದ ಸ್ವರಗಳನ್ನು ಒಂದಿಷ್ಟು ಚದುರಿಸುತ್ತದೆ, ಅಷ್ಟೇ. ಒಂದಿಂಚಿನ ಫೋಮ್ ಹಾಳೆಯದೂ ಹೆಚ್ಚುಕಡಿಮೆ ಅದೇ ಕತೆ: ಮೇಲಿನ ಹೊಳಪನ್ನು ನುಂಗಿ, ಕೆಳಗಿನ ಗುಂಯ್‌ಗುಟ್ಟುವಿಕೆಯನ್ನು ಹಾಗೇ ಬಿಡುತ್ತದೆ. ಕೇಳಿದರೆ ಕೋಣೆ ಇನ್ನಷ್ಟು ಡಬ್ಬದಂತೆ. ಬೇಕಾದದ್ದು ದಪ್ಪ ಮತ್ತು ತೂಕ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಇರುತ್ತದಲ್ಲ, ಅದಕ್ಕಿಂತ ಅಗ್ಗದ, ಒಳ್ಳೆಯ ಸಾಮಾನು ನಮಗೆ ಕಂಡಿಲ್ಲ. ಕೌದಿ ಇಲ್ಲದಿದ್ದರೆ ಎರಡು ರಜಾಯಿ ಸಾಕು. ಗೋಡೆಗೆ ಅಂಟಿಸದೆ, ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ಗೋಡೆಯಿಂದ 10 ಸೆಂ.ಮೀ. ದೂರದಲ್ಲಿ ಇಳಿಬಿಡಿ. ಗೋಡೆಗೆ ಅಂಟಿದಂತೆ ಗಾಳಿ ಅಲುಗುವುದೇ ಇಲ್ಲ, ಅಲುಗದ ಗಾಳಿಯಿಂದ ಬಟ್ಟೆ ಏನನ್ನೂ ಹೀರಲಾರದು. 10 ಸೆಂ.ಮೀ. ಸಂದು ಬಿಟ್ಟರೆ ಸುಮಾರು 850 ಹರ್ಟ್ಸ್ ಕಂಪನಾಂಕದವರೆಗೆ ಕೆಳಗಿಳಿದು ಕೆಲಸ ಮಾಡುತ್ತದೆ, ಇನ್ನೂ ಹೆಚ್ಚು ಬಿಟ್ಟರೆ ಇನ್ನೂ ಕೆಳಗೆ.

ಎಲ್ಲಿ ಇಳಿಬಿಡಬೇಕು ಎಂಬಲ್ಲಿ ಹತ್ತರಲ್ಲಿ ಎಂಟು ಜನ ಎಡವುತ್ತಾರೆ ಎಂದರೆ ಅತಿಶಯೋಕ್ತಿಯಲ್ಲ. ಮೈಕಿನ ಬೆನ್ನಿಗೆ ಹಾಕುತ್ತಾರೆ. ಮನೆಗಳಲ್ಲಿ ಬಳಸುವ ಕಾರ್ಡಿಯಾಯ್ಡ್ ಮೈಕು ತನ್ನ ಬೆನ್ನಿನ ಕಡೆಯ ಸದ್ದನ್ನು ತಾನಾಗಿಯೇ ಕಡಿಮೆ ಕೇಳುತ್ತದೆ. ಅದರ ಮುಖ ಇರುವುದು ನಿಮ್ಮ ಕಡೆಗೆ, ಎಂದರೆ ನಿಮ್ಮ ಹಿಂದಿನ ಗೋಡೆಯ ಕಡೆಗೆ. ಕೌದಿ ಮೊದಲು ಬೇಕಾದದ್ದು ಹಾಡುವವರ ಬೆನ್ನ ಹಿಂದೆ. ಎರಡನೆಯದಿದ್ದರೆ ಪಕ್ಕಕ್ಕೆ, ಮೂರನೆಯದು ನೆಲಕ್ಕೆ.

ಕೂರುವ ಜಾಗ ಕೋಣೆಯ ನಟ್ಟನಡುವೆಯೂ ಬೇಡ, ಮೂಲೆಯೂ ಬೇಡ. 10 ಅಡಿಯ ಕೋಣೆಯಲ್ಲಿ ಎದುರು ಗೋಡೆಗಳ ನಡುವೆ 56 ಹರ್ಟ್ಸ್ ಮತ್ತು ಅದರ ಪಟ್ಟುಗಳು, 112, 169, ಹೀಗೆ ನಿಂತ ಅಲೆಗಳಾಗಿ ಕೂರುತ್ತವೆ. ಮೂಲೆಯಲ್ಲಿ ಇವೆಲ್ಲ ಉಬ್ಬುತ್ತವೆ, ನಡುವೆ ಕೆಲವು ಮಾಯವಾಗುತ್ತವೆ. ಗಂಡು ದನಿಯಲ್ಲಿ ಒಂದೆರಡು ಕೆಳ ಸ್ವರ ಮಾತ್ರ ಗುಂಯ್ ಎಂದು ಎದ್ದು ಕೇಳಿದರೆ ಕಾರಣ ಇದು, ಹಾಡುಗಾರಿಕೆಯಲ್ಲ. ಕೋಣೆಯ ಉದ್ದದಲ್ಲಿ ಮೂರನೇ ಒಂದು ಪಾಲಿನಷ್ಟು ಒಳಗೆ ಬಂದು ಕೂತು ನೋಡಿ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ ಚೌಕ ಕೋಣೆಯನ್ನು ಸಾಧ್ಯವಾದರೆ ಬಿಟ್ಟುಬಿಡಿ.

ಸಾಹಿತ್ಯದ ಪುಸ್ತಕ ಇಡುವ ಮೇಜು, ಲ್ಯಾಪ್‌ಟಾಪ್ ಕೂಡ ಗೋಡೆಗಳೇ. ನೇರ ಬರುವ ದನಿಗಿಂತ 34 ಸೆಂ.ಮೀ. ಹೆಚ್ಚು ದಾರಿ ಸುತ್ತಿ ಮೇಜಿನಿಂದ ಪುಟಿದ ದನಿ ಮೈಕು ಸೇರಿದರೆ ಸುಮಾರು 500, 1500, 2500 ಹರ್ಟ್ಸ್‌ನಲ್ಲಿ ಎರಡೂ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ದನಿ ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ, ಅಥವಾ ಮೇಜನ್ನೇ ಆಚೆ ಇಡಿ.

ಮೈಕಿನ ದೂರ ಒಂದು ಗೇಣು, 15ರಿಂದ 20 ಸೆಂ.ಮೀ. ಇದು ರುಚಿಯ ಪ್ರಶ್ನೆಯಲ್ಲ, ಲೆಕ್ಕ. ದೂರ ಅರ್ಧಕ್ಕಿಳಿದಾಗಲೆಲ್ಲ ದನಿ 6 ಡೆಸಿಬೆಲ್ ಏರುತ್ತದೆ. 60 ಸೆಂ.ಮೀ. ಇದ್ದದ್ದನ್ನು 15ಕ್ಕೆ ತಂದರೆ 12 ಡೆಸಿಬೆಲ್ ಲಾಭ, ಫ್ಯಾನು, ರಸ್ತೆ, ಗೋಡೆ ಎಲ್ಲ ಇದ್ದಲ್ಲೇ ಉಳಿಯುತ್ತವೆ. ಯಾವ ಸಾಫ್ಟ್‌ವೇರೂ ಇಷ್ಟನ್ನು ನೋವಿಲ್ಲದೆ ಕೊಡುವುದಿಲ್ಲ. 10 ಸೆಂ.ಮೀ.ಗಿಂತ ಹತ್ತಿರ ಹೋದರೆ ತಗ್ಗು ಸ್ವರಗಳು ಉಬ್ಬಿ ದನಿ ಕೆಸರಾಗುತ್ತದೆ. ಮೈಕನ್ನು ಬಾಯಿಗೆ ನೇರ ಹಿಡಿಯದೆ, ಬಾಯಿಯ ಮೂಲೆಯ ಕಡೆಗೆ ಓರೆಯಾಗಿಡಿ. ಪ, ಫ, ಬ, ಭ ಅಕ್ಷರಗಳ ಗಾಳಿ ಪಕ್ಕದಿಂದ ಹಾದುಹೋಗುತ್ತದೆ, ಸ, ಶ, ಚಗಳ ಚೂಪೂ ತಗ್ಗುತ್ತದೆ. ಆ ಗಾಳಿ ತಡೆಯುವ ಪಾಪ್ ಫಿಲ್ಟರ್ ಇಲ್ಲದಿದ್ದರೆ ಕಸೂತಿ ಹಾಕುವ ಮರದ ಬಳೆಗೆ ತೆಳು ನೈಲಾನ್ ಕಾಲುಚೀಲ ಬಿಗಿದು ಮೈಕಿನಿಂದ ನಾಲ್ಕು ಬೆರಳು ಮುಂದಿಟ್ಟರೆ ಅದೇ ಕೆಲಸವಾಗುತ್ತದೆ. ಇನ್ನೊಂದು ಮಾತು: ಸ್ಟುಡಿಯೋ ಮಾದರಿಯ ದೊಡ್ಡ ಕಂಡೆನ್ಸರ್ ಮೈಕುಗಳನ್ನು ತುದಿಗೆ ಬಾಯಿಟ್ಟು ಹಾಡುವಂತಿಲ್ಲ. ಅವು ಬದಿಯಿಂದ ಕೇಳುತ್ತವೆ, ಸಾಮಾನ್ಯವಾಗಿ ಕಂಪನಿಯ ಗುರುತಿರುವ ಬದಿಯಿಂದ. ದನಿ ಮಂಕಾಗಿದೆ, ದೂರವಿದೆ ಎಂದರೆ ಮೊದಲು ಮೈಕನ್ನು ತಿರುಗಿಸಿ ನೋಡಿ.

ಡೈನಮಿಕ್ ಮೈಕು ಗದ್ದಲ ಹಿಡಿಯುವುದಿಲ್ಲ ಎಂಬ ಮಾತು ಅರ್ಧ ನಿಜ. ವೇದಿಕೆಗಳಲ್ಲಿ ನೋಡುವ ಶೂರ್ ಎಸ್‌ಎಂ58 ಥರದ ಮೈಕಿಗೆ ಬಾಯಿ ತಾಗಿಸಿಯೇ ಹಾಡುತ್ತೇವೆ, ಹಾಗಾಗಿ ಗದ್ದಲ ಕಮ್ಮಿ. ಅದನ್ನೇ ಎರಡಡಿ ದೂರ ಇಟ್ಟರೆ ಅದೂ ಎಲ್ಲವನ್ನೂ ಹಿಡಿಯುತ್ತದೆ, ಜೊತೆಗೆ ಗೇನ್ (ಮೈಕಿನ ಸದ್ದನ್ನು ಏರಿಸುವ ಪ್ರಮಾಣ) ಹೆಚ್ಚು ಬೇಕಾಗಿ, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಸ್ವಂತ ‘ಸುಯ್’ ಬೇರೆ ಸೇರುತ್ತದೆ.

ಫ್ಯಾನು, ಏಸಿ ಆರಿಸಿ ಎಂದು ಹೇಳಲೇಬೇಕಿಲ್ಲ. ಆದರೆ ಫ್ಯಾನು ನಿಂತ ಮೇಲೂ ಕೇಳುವ ಜಿಂಯ್ ಬೇರೆ, ಅದು ಕರೆಂಟಿನದು. ನಮ್ಮ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಗುನುಗು 50, 100, 150ರಲ್ಲಿ ಬರುತ್ತದೆ. ಪತ್ತೆಗೆ ದಾರಿ ಸುಲಭ: ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ರೆಕಾರ್ಡಿಂಗ್ ಮುಗಿಯುವವರೆಗೆ ಬ್ಯಾಟರಿಯೇ ಇರಲಿ. ನಿಲ್ಲದಿದ್ದರೆ ಹಂತಗಳಿಲ್ಲದೆ ನಯವಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಥವಾ ಡಿಮ್ಮರ್ ಇರುವ ಫ್ಯಾನು, ದೀಪಗಳನ್ನು ಪಕ್ಕದ ಕೋಣೆಯಲ್ಲೂ ಆರಿಸಿ. ಅವು ವಿದ್ಯುತ್ತಿನ ಅಲೆಯನ್ನು ಕತ್ತರಿಸಿಯೇ ವೇಗ, ಬೆಳಕು ತಗ್ಗಿಸುವುದು, ಆ ಕತ್ತರಿಯ ಸದ್ದು ವೈರಿನಲ್ಲಿ ಹರಿಯುತ್ತದೆ. ಕರೆಂಟ್ ಹೋಗಿ ಇನ್ವರ್ಟರ್ ನಡೆಯುತ್ತಿರುವಾಗ, ಅದರಲ್ಲೂ ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ, ರೆಕಾರ್ಡ್ ಮಾಡಲೇಬೇಡಿ. ಗುನುಗು ಹೋಗಲೆಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಕತ್ತರಿಸುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಮೈಕಿಗೆ ತುಟಿ ತಾಗಿಸುವವರಿಗೆ ಅದು ಜೀವದ ಪ್ರಶ್ನೆ. ಎಲ್ಲ ಸಾಮಾನುಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಮೈಕಿನ ವೈರನ್ನು ಕರೆಂಟಿನ ವೈರಿನ ಜೊತೆ ಸುತ್ತದೆ ಬೇರೆ ಹಾಸಿ.

ಗೇನ್ ಇಡುವಾಗ ಮೆಲ್ಲಗೆ ಗುನುಗಿ ನೋಡಿದರೆ ಸಾಲದು. ಹಾಡಿನ ತಾರಸ್ಥಾಯಿಯ ಸಾಲನ್ನು ಪೂರ್ತಿ ಕಂಠದಲ್ಲಿ ಹಾಡಿ, ಆಗ ಮೀಟರು ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಬೇಕು. ಕೆಂಪು ತಾಗಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಸಣ್ಣಗೆ ಬಂದಿದೆ ಎಂದು ಹೆದರಬೇಡಿ: 24 ಬಿಟ್ ಫೈಲಿನಲ್ಲಿ ಕೆಳಗೆ ಬೇಕಾದಷ್ಟು ಜಾಗವಿದೆ, ಏರಿಸುವುದು ನಮ್ಮ ಕೆಲಸ. ಜೋರು ಮಾಡಿ ಕಳಿಸಿದರೆ ಯೂಟ್ಯೂಬಿನಲ್ಲಿ ಜೋರಾಗಿ ಕೇಳುತ್ತದೆ ಎಂಬುದೂ ತಪ್ಪು, ಅದು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟಾರೆ ಜೋರಿನ ಅಳತೆ) ಮೀರಿದ್ದನ್ನು ತಾನೇ ತಗ್ಗಿಸುತ್ತದೆ.

ತಂಬೂರಿ ಆ್ಯಪ್ ಅಥವಾ ಕರೋಕೆಯನ್ನು ಸ್ಪೀಕರಿನಲ್ಲಿ ಹಾಕಿ ಹಾಡಿದ ಟ್ರ್ಯಾಕುಗಳನ್ನು ಇನ್ನು ತೆಗೆದುಕೊಳ್ಳುವುದಿಲ್ಲ. ದನಿಯ ಮೈಕಿಗೆ ಬಿದ್ದ ತಂಬೂರಿ ದನಿಯ ಪಾಲಾಯಿತು. ಆಮೇಲೆ ನಾವು ಸೇರಿಸುವ ತಂಬೂರಿಯ ಜೊತೆ ಅದು ಕೂದಲೆಳೆ ವ್ಯತ್ಯಾಸದಲ್ಲಿ ಕಿತ್ತಾಡುತ್ತದೆ. ವೈರ್ ಇರುವ ಇಯರ್‌ಫೋನಿನಲ್ಲಿ ಒಂದೇ ಕಿವಿಗೆ ಕೇಳಿಸಿಕೊಂಡು ಹಾಡಿ. ಇನ್ನೊಂದು ಕಿವಿ ತೆರೆದಿದ್ದರೆ ಸ್ವಂತ ದನಿ ಸಹಜವಾಗಿ ಕೇಳುತ್ತದೆ, ಶ್ರುತಿ ನಿಲ್ಲುತ್ತದೆ. ಬ್ಲೂಟೂತ್ ಬೇಡ. ಅದರಲ್ಲಿ ದನಿ ತಡವಾಗಿ ಬಂದು ತಾಳ ಹಿಂದೆ ಬೀಳುತ್ತದೆ. ಅದರ ಮೈಕಂತೂ ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್ ದರದಲ್ಲಿ (ಸೆಕೆಂಡಿಗೆ ಅಷ್ಟು ಸಾವಿರ ಸಲ ದನಿಯನ್ನು ಅಳೆದು), ಫೋನ್ ಕರೆಗೆಂದು ಮಾಡಿದ್ದು. ಇಂಟರ್‌ಫೇಸ್ ಇರುವವರು ಸ್ವಂತ ದನಿ ಕಂಪ್ಯೂಟರ್ ಸುತ್ತದೆ ನೇರ ಕಿವಿಗೆ ಬರಲು ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಣುಕು) 128ಕ್ಕೆ ಇಡಿ. 48 ಕಿಲೋಹರ್ಟ್ಸ್‌ನಲ್ಲಿ ಆ ತುಣುಕಿನ ಉದ್ದ 2.7 ಮಿಲಿಸೆಕೆಂಡ್. ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ.

ಫೋನಿನಲ್ಲೇ ಮಾಡುವವರು ಹಿಂಜರಿಯಬೇಕಿಲ್ಲ. ಒಳ್ಳೆಯ ಕೋಣೆಯಲ್ಲಿ ಇಟ್ಟ ಫೋನು ಬರಿಗೋಡೆಯ ಮುಂದಿಟ್ಟ ದುಬಾರಿ ಮೈಕನ್ನು ಸೋಲಿಸುತ್ತದೆ. ಐಫೋನಿನ ವಾಯ್ಸ್ ಮೆಮೋಸ್ ಸೆಟ್ಟಿಂಗಿನಲ್ಲಿ ಆಡಿಯೋ ಗುಣಮಟ್ಟವನ್ನು ಲಾಸ್‌ಲೆಸ್ ಮಾಡಿ. ಆಂಡ್ರಾಯ್ಡ್‌ನಲ್ಲಿ ವೇವ್ ಫೈಲ್ ಕೊಡುವ, ಆಟೋ ಗೇನ್ ಆಫ್ ಮಾಡಲು ಬರುವ ರೆಕಾರ್ಡರ್ ಹಾಕಿಕೊಳ್ಳಿ. ಆಟೋ ಗೇನ್ ಇದ್ದರೆ ನೀವು ಉಸಿರೆಳೆಯುವ ಹೊತ್ತಿಗೆ ಕೋಣೆಯ ಗದ್ದಲ ಮೇಲೇರಿ ಬರುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕವರ್ ತೆಗೆದು, ಮೈಕಿನ ರಂಧ್ರವಿರುವ ಕೆಳತುದಿ ನಿಮ್ಮ ಕಡೆಗಿರುವಂತೆ ನಿಲ್ಲಿಸಿ.

ವಾದ್ಯದವರಿಗೆ ಎರಡೇ ಮಾತು, ಉಳಿದದ್ದು ಮಾದರಿ ಕೇಳಿ ಹೇಳುತ್ತೇವೆ. ವೀಣೆಗಾದರೆ ಮೈಕು ಅದರ ದೊಡ್ಡ ಬುರುಡೆಯ ಮೇಲ್ಹಲಗೆಯತ್ತ 30ರಿಂದ 40 ಸೆಂ.ಮೀ. ದೂರದಲ್ಲಿರಲಿ, ಮೆಟ್ಟಿಲ ಮೇಲೆ ಬೆರಳು ಜಾರುವ ಕಡೆಗೆ ಬೇಡ. ಕೊಳಲಿಗೆ ಊದುವ ರಂಧ್ರಕ್ಕೂ ಬೆರಳಿನ ರಂಧ್ರಗಳಿಗೂ ನಡುವೆ, ಉಸಿರಿನ ದಾರಿಗಿಂತ ಮೇಲೆ.

ಮಾದರಿ ಹೀಗಿರಲಿ. ಹಾಡುವ ಜಾಗದಲ್ಲೇ ಅಲುಗದೆ ಕೂತು 20 ಸೆಕೆಂಡು ಮೌನ, ನಿಮ್ಮ ಕೋಣೆಯ ಗದ್ದಲ ನಮಗೆ ಕೇಳುವುದು ಅದರಲ್ಲೇ. ನಂತರ ಹಾಡಿನ ಅತಿ ಮೆಲುವಾದ ಸಾಲು, ಆಮೇಲೆ ಅತಿ ಜೋರಿನ ಸಾಲು, ಕೊನೆಗೆ ಒಂದು ಚಪ್ಪಾಳೆ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ವೇವ್ ಫೈಲ್. ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ವಾಟ್ಸ್ಆ್ಯಪ್‌ನಲ್ಲಾದರೆ ಆಡಿಯೋ ಎಂದಲ್ಲ, ಡಾಕ್ಯುಮೆಂಟ್ ಎಂದು ಕಳಿಸಿ. ಎಂಪಿ3ಯನ್ನು ವೇವ್‌ಗೆ ಬದಲಿಸಿ ಕಳಿಸುವುದರಿಂದ ಪ್ರಯೋಜನವಿಲ್ಲ, ಹೋದದ್ದು ಹೋಯಿತು. ರಿವರ್ಬ್ (ಕೃತಕ ಮಾರ್ದನಿ), ಆಟೋಟ್ಯೂನ್ (ಶ್ರುತಿ ತಿದ್ದುವ ಸಾಫ್ಟ್‌ವೇರ್) ಏನೂ ಹಾಕಬೇಡಿ. ವಿಂಡೋಸ್‌ನಲ್ಲಿ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಆಗಿರಲಿ. ಫೈಲಿನ ಹೆಸರಿನಲ್ಲಿ ಶ್ರುತಿ ಬರೆಯಿರಿ, ಒಂದೂವರೆ ಮನೆ, ಐದೂವರೆ ಮನೆ, ಹೀಗೆ. ಕಿಲೋಹರ್ಟ್ಸ್ ದರ ಅದಲುಬದಲಾಗಿ 48ರ ಫೈಲು 44.1ರಲ್ಲಿ ಓಡಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿದು, ಐದು ನಿಮಿಷದ ಹಾಡು ಐದು ನಿಮಿಷ 26 ಸೆಕೆಂಡ್ ಆಗುತ್ತದೆ. ಹೆಸರಿನಲ್ಲಿ ಶ್ರುತಿ ಇದ್ದರೆ ಕೂಡಲೇ ಸಿಕ್ಕಿಬೀಳುತ್ತದೆ.

ಹಾಡುವವರು ಒಂದೂರಿನಲ್ಲಿ, ಮೃದಂಗದವರು ಇನ್ನೊಂದೂರಿನಲ್ಲಿ ಇದ್ದರೆ ಇಬ್ಬರೂ ಒಂದೇ ಆಧಾರ ಟ್ರ್ಯಾಕನ್ನು ಕೇಳಿಸಿಕೊಂಡು ಹಾಡಿ, ನುಡಿಸಿ, ಶುರುವಿನಲ್ಲೂ ಕೊನೆಯಲ್ಲೂ ಒಂದೊಂದು ಚಪ್ಪಾಳೆ ತಟ್ಟಿ. ಎರಡು ಉಪಕರಣಗಳ ಗಡಿಯಾರ ಒಂದೇ ವೇಗದಲ್ಲಿ ನಡೆಯುವುದಿಲ್ಲ, ಹಾಡು ಮುಗಿಯುವ ಹೊತ್ತಿಗೆ ಕೆಲವು ಮಿಲಿಸೆಕೆಂಡ್ ಸರಿದಿರುತ್ತದೆ. ಕೊನೆಯ ಚಪ್ಪಾಳೆ ಇಲ್ಲದೆ ಎಷ್ಟು ಸರಿದಿದೆ ಎಂದು ತಿಳಿಯುವುದು ಕಷ್ಟ.

ಈಗಾಗಲೇ ಮುಂಗಡ ಕೊಟ್ಟು ಹಾಡು ಕಳಿಸಿರುವವರ ಕೆಲಸ ಹಳೆಯ ಕ್ರಮದಲ್ಲೇ ಮುಗಿಯುತ್ತದೆ. ಆದರೆ ಗದ್ದಲ ತೆಗೆಯಲೆಂದು ಹಣ ಕಟ್ಟಿ ಸರದಿಯಲ್ಲಿರುವವರು ಎರಡರಲ್ಲಿ ಒಂದನ್ನು ತಿಳಿಸಿ: ಆ ಹಣ ವಾಪಸ್ಸು ಬೇಕೋ, ಕೋಣೆ ಸರಿಪಡಿಸಿಕೊಂಡು ಮತ್ತೆ ಹಾಡಿ ಕಳಿಸಿ ಅದನ್ನು ಮಿಕ್ಸಿಂಗ್ ಲೆಕ್ಕಕ್ಕೆ ಹಿಡಿಯಬೇಕೋ. ಹಳೆಯ ಕ್ಯಾಸೆಟ್ಟು, ಮತ್ತೆ ಹಾಡಿಸಲಾಗದ ಹಿರಿಯರ ದನಿ ಇಂಥವಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅವನ್ನು ಹಾಗೇ ಕಳಿಸಿ.

ವಂದನೆಗಳೊಂದಿಗೆ,
ಮಿಕ್ಸಿಂಗ್ ವಿಭಾಗದ ಪರವಾಗಿ