ಮೊದಲು ಟೇಪು ಹಿಡಿಯಲು ಕಲಿಸಿ

ಸಂಪಾದಕರಿಗೆ ನಮಸ್ಕಾರ.

ವಿಜಯಪುರದಲ್ಲಿ ನಮ್ಮದೊಂದು ಸೈಟಿದೆ, ಕಾಗದದ ಮೇಲೆ 30×40 ಅಡಿ. ಪ್ಲ್ಯಾನ್ ಬರೆದುಕೊಟ್ಟ ಹುಡುಗ ಸ್ಥಳಕ್ಕೆ ಬರಲೇ ಇಲ್ಲ. ಕಂಪ್ಯೂಟರಿನಲ್ಲಿ ಚೆಂದದ ಆಯತ ಎಳೆದು ಕೊಟ್ಟ, ನಾವೂ ಒಪ್ಪಿಕೊಂಡೆವು. ಪಾಯಕ್ಕೆ ದಾರ ಕಟ್ಟುವ ದಿನ ಗೌಂಡಿ ಮೂಲೆಯಿಂದ ಮೂಲೆಗೆ ಟೇಪು ಎಳೆದರು. ಒಂದು ಕಡೆ 51 ಅಡಿ, ಇನ್ನೊಂದು ಕಡೆ 49! ಮೂಲೆಗಳು ನೇರವಾಗಿದ್ದರೆ ಎರಡೂ 50 ಬರಬೇಕು. ನಾಲ್ಕೂ ಬದಿಯ ಅಳತೆ ಸರಿಯಿತ್ತು, ಸೈಟು ಮಾತ್ರ ವಾರೆ. ಹಿಂದಿನ ಗಡಿ ಒಂದೂವರೆ ಅಡಿಗಿಂತ ಜಾಸ್ತಿ ಪಕ್ಕಕ್ಕೆ ಸರಿದಿತ್ತು. ಮೆಟ್ಟಿಲಿಗೆ ಜಾಗ ಸಾಲದೆ ಎಲ್ಲ ಮತ್ತೆ ಬರೆಸಬೇಕಾಯಿತು.

ಆ ಹುಡುಗನನ್ನು ದೂರುತ್ತಿಲ್ಲ. ಅವನಿಗೆ ಯಾರೂ ಅಳೆಯಲು ಕಲಿಸಿರಲಿಲ್ಲ, ಅಷ್ಟೇ.

ಈಗ ನನ್ನ ಮಗಳು ಆರ್ಕಿಟೆಕ್ಚರ್ ಮೊದಲ ವರ್ಷದಲ್ಲಿದ್ದಾಳೆ. ಅವಳ ಗುರುಗಳು ಮೊದಲು ಕೊಟ್ಟಿದ್ದು ಟೇಪು, ದಾರಕ್ಕೆ ಕಟ್ಟಿದ ಗುಂಡು, ಪೆನ್ಸಿಲ್. ರಜೆಗೆ ಬಂದವಳು ನಮ್ಮ ಅಡುಗೆಮನೆಯನ್ನೇ ಅಳೆದಳು. ಟೇಪಿನ ಸೊನ್ನೆಯನ್ನು ಒಂದೇ ಮೂಲೆಯಲ್ಲಿ ಹಿಡಿದು, ಅಲ್ಲಿಂದಲೇ ಬಾಗಿಲಿನ ಅಂಚು, ಕಿಟಕಿಯ ಅಂಚು, ಕೊನೆಯ ಗೋಡೆ ಎಲ್ಲ ಓದಿಕೊಂಡು ಹೋಗಬೇಕಂತೆ, ಯಾಕಂದರೆ ತುಂಡು ತುಂಡಾಗಿ ಅಳೆದರೆ ಪ್ರತಿ ಸಲದ ಸಣ್ಣ ತಪ್ಪೂ ಕೂಡುತ್ತಾ ಹೋಗುತ್ತದೆ. ಇನ್ನೊಂದು ತುದಿ ನನ್ನ ಕೈಲಿತ್ತು. ‘ಅಪ್ಪಾ, ಬಿಗಿ ಹಿಡೀರಿ, ಜೋತುಬಿದ್ರೆ ಅಳತಿ ಜಾಸ್ತಿ ಬರ್ತದ’ ಅಂದಳು. ಆಮೇಲೆ 1:50 ಸ್ಕೇಲಿನಲ್ಲಿ, ಅಂದರೆ ಒಂದು ಮೀಟರಿಗೆ ಎರಡು ಸೆಂಟಿಮೀಟರ್ ಲೆಕ್ಕದಲ್ಲಿ, ಹಾಳೆಗೆ ಇಳಿಸಿದಳು. ಇಪ್ಪತ್ತು ವರ್ಷ ಊಟ ಮಾಡಿದ ಕೋಣೆ, ಅದರ ಒಂದು ಗೋಡೆ ಸೊಟ್ಟ ಇದೆ ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ನಮ್ಮ ಊರಲ್ಲಿ ಇದನ್ನು ಹೈಸ್ಕೂಲಿನಿಂದಲೇ ಕಲಿಸಬಹುದಲ್ವಾ? ಗೋಳಗುಮ್ಮಟಕ್ಕೆ ಮಕ್ಕಳನ್ನು ಕರೆದೊಯ್ಯುತ್ತಾರೆ, ಮೇಲೆ ಹತ್ತಿ ಕೂಗಿ ಬರುತ್ತಾರೆ. ಒಳಗಿನ ಹಾಲ್ ಬದಿಗೆ ಸುಮಾರು 41 ಮೀಟರ್ ಇರುವ ಚೌಕ. 1:100ರಲ್ಲಿ ಬರೆದರೆ 41 ಸೆಂಟಿಮೀಟರ್, ಒಂದು ಡ್ರಾಯಿಂಗ್ ಹಾಳೆಯಲ್ಲಿ ಕೂರುತ್ತದೆ. ಅದರೊಳಗೆ ಒಂದು ಚೌಕ, ಅದರ ಮೇಲೆ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ ಎಳೆಯಲಿ. ಎಂಟು ಕಮಾನು ಹೇಗೆ ಒಂದನ್ನೊಂದು ದಾಟುತ್ತವೆ, ಚೌಕದ ಹಾಲ್ ಮೇಲೆ ದುಂಡು ಗುಮ್ಮಟ ಹೇಗೆ ಕೂತಿತು ಅನ್ನೋದು ಕೈಗೇ ತಿಳಿಯುತ್ತದೆ. ಗೈಡು ಎಷ್ಟು ಹೇಳಿದರೂ ನನಗೆ ತಿಳಿಯದಿದ್ದದ್ದು ಮಗಳು ಹೀಗೆ ಬರೆದ ಗುಮ್ಮಟದ ಹಾಳೆ ನೋಡಿದಾಗ ತಿಳಿಯಿತು.

ಕೊನೆಗೊಂದು ಮಾತು, ಕಾಲೇಜಿನ ಗುರುಗಳಿಗೆ. ನಮ್ಮ ಕಾಕಾನ ಹಳೇ ಮನೆಯನ್ನು ಬೇಸಿಗೆಗೆ ಕೆಡವುತ್ತಿದ್ದೇವೆ. ಮಣ್ಣಿನ ಮಾಳಿಗೆ, ಪಡಸಾಲೆ, ಎರಡಡಿ ದಪ್ಪದ ಗೋಡೆ, ಗೋಡೆ ತುಂಬ ಗೂಡುಗಳು. ಅಂಥ ಮನೆಯಲ್ಲಿ ಒಳಗಿನ ಅಳತೆ, ಹೊರಗಿನ ಅಳತೆ, ಬಾಗಿಲಲ್ಲಿ ಸಿಗುವ ಗೋಡೆಯ ದಪ್ಪ ಮೂರೂ ತಾಳೆಯಾಗುವವರೆಗೆ ಬಿಡುವಂತಿಲ್ಲ, ಕಲಿಯೋಕೆ ಅದಕ್ಕಿಂತ ಒಳ್ಳೆ ಜಾಗ ಎಲ್ಲಿದೆ? ವಿದ್ಯಾರ್ಥಿಗಳನ್ನು ಕರೆತಂದು ಅಳೆಸಿ. ನಕ್ಷೆಯ ಒಂದು ಪ್ರತಿ ನಮಗೆ ಕೊಟ್ಟರೆ ಸಾಕು.

– ಒಬ್ಬ ಓದುಗ, ವಿಜಯಪುರ