ವೃದ್ಧಾಪ್ಯ ವೇತನಕ್ಕೂ ತುಟ್ಟಿಭತ್ಯೆಯ ನಿಯಮ ಬರಲಿ

ಮಾನ್ಯರೇ,

ಗ್ಯಾರಂಟಿ ಯೋಜನೆಗಳಿಂದ ಖಜಾನೆ ಬರಿದಾಗುತ್ತಿದೆಯೇ ಎಂಬ ಜಟಾಪಟಿ ಸದ್ಯಕ್ಕೆ ಮುಗಿಯುವಂತೆ ಕಾಣುವುದಿಲ್ಲ. ಈ ಗದ್ದಲದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿರುವುದು ವೃದ್ಧಾಪ್ಯ ವೇತನ. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಡಿ 60ರಿಂದ 79 ವರ್ಷದ ಬಡ ವೃದ್ಧರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2007ರಲ್ಲಿ ಯೋಜನೆಗೆ ಇಂದಿರಾ ಗಾಂಧಿಯವರ ಹೆಸರಿಟ್ಟಾಗಲೂ ಇದ್ದದ್ದು ಅಷ್ಟೇ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುವುದರಿಂದ ನಮ್ಮಲ್ಲಿ 65 ದಾಟಿದವರ ಕೈಗೆ 1,200 ರೂಪಾಯಿ ಬರುತ್ತದೆ. ರಾಜ್ಯದ್ದೇ ವೃದ್ಧಾಪ್ಯ ವೇತನ ಯೋಜನೆಯಾದ ಸಂಧ್ಯಾ ಸುರಕ್ಷಾದ ಮೊತ್ತವನ್ನು ಈ ಮಟ್ಟಕ್ಕೆ ಏರಿಸಿದ್ದು 2021ರಲ್ಲಿ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ ಕೊಂಡ ಮೇಲೆ ಇದರಲ್ಲಿ ಉಳಿಯುವುದೆಷ್ಟು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರಿ ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ವರ್ಷಕ್ಕೆರಡು ಬಾರಿ ಪರಿಷ್ಕರಣೆಯಾಗುತ್ತದೆ. ಅದು ನ್ಯಾಯವೇ, ನನ್ನ ತಕರಾರಿಲ್ಲ. ಶಾಸಕರ ವೇತನವನ್ನು ದುಪ್ಪಟ್ಟು ಮಾಡುವ ಮಸೂದೆ 2025ರ ಮಾರ್ಚ್‌ನಲ್ಲಿ ಸದನದ ಕೋಲಾಹಲದ ನಡುವೆಯೇ ಅಂಗೀಕಾರವಾಯಿತು (ಅಂಥ ಮಸೂದೆಗಳಿಗೆ ಕೋಲಾಹಲ ಎಂದೂ ಅಡ್ಡಿಯಾಗಿಲ್ಲ). ಹಾಗಿರುವಾಗ, ಬೆಲೆಯೇರಿಕೆಯ ಬಿಸಿ ಮೊದಲು ತಟ್ಟುವ ವೃದ್ಧರ ಮೊತ್ತ ಮಾತ್ರ ಸರ್ಕಾರದ ಮರ್ಜಿಗೆ ಬಿಟ್ಟದ್ದಾಗಿ ಏಕಿರಬೇಕು?

ಇದನ್ನು ದಾನವೆಂದು ಭಾವಿಸುವವರು ಒಂದು ಸಂಗತಿ ಗಮನಿಸಬೇಕು. ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು ದುಡಿಯುವ ವಯಸ್ಸಿನಲ್ಲಿ ಪಡೆದ ಕೂಲಿ ಅಂದಂದಿನ ಊಟಕ್ಕೇ ಸರಿಹೋಯಿತು. ಭವಿಷ್ಯ ನಿಧಿ, ಗ್ರಾಚ್ಯುಟಿ ಅವರಲ್ಲಿ ಹೆಚ್ಚಿನವರ ಹತ್ತಿರವೂ ಸುಳಿಯಲಿಲ್ಲ. ನಾವು ಅಗ್ಗದಲ್ಲಿ ಉಂಡದ್ದು, ಉಟ್ಟದ್ದು ಆ ಕೂಲಿಯ ಬಲದಿಂದಲೇ ಆದ್ದರಿಂದ ಇದು ತಡವಾಗಿ ಸಲ್ಲುತ್ತಿರುವ ಬಾಕಿ. ಮೇಲಾಗಿ ಅವರು ಇಂದಿಗೂ ಸೋಪು ಕೊಂಡರೆ, ಬೆಂಕಿಪೊಟ್ಟಣ ಕೊಂಡರೆ ಜಿಎಸ್‌ಟಿ ಕಟ್ಟುತ್ತಾರೆ.

ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವು ಒದಗಿಸಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ, ‘ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ’ ಎಂಬ ಷರತ್ತಿನೊಂದಿಗೆ. 2019ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ತೆರಿಗೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ವರಮಾನ ಕೈಬಿಡುತ್ತಿರುವುದಾಗಿ ಕೇಂದ್ರವೇ ಅಂದಾಜಿಸಿತ್ತು. ಅಷ್ಟನ್ನು ಬಿಟ್ಟುಕೊಡಬಲ್ಲ ಸರ್ಕಾರ 200 ರೂಪಾಯಿಯ ವಿಷಯಕ್ಕೆ ಬಂದಾಗ ಮಿತಿಯ ಮಾತಾಡುವುದು ಒಪ್ಪುವಂತಿಲ್ಲ.

ಬರುವ ಹಣಕ್ಕೂ ಅಡೆತಡೆಗಳಿವೆ. ಬೀಡಿ ಕಟ್ಟಿ, ಕಳೆ ಕಿತ್ತು ಸವೆದ ಬೆರಳು ಯಂತ್ರಕ್ಕೆ ಹಿಡಿಯದೆ ‘ತಂಬ್ ಬರ್ತಿಲ್ಲ, ನಾಳೆ ಬಾ ಅಜ್ಜಿ’ ಎನ್ನಿಸಿಕೊಂಡು ಹಿಂದಿರುಗುವವರನ್ನು ಹಳ್ಳಿಗಳಲ್ಲಿ ಈಗಲೂ ಕಾಣಬಹುದು. ಆಧಾರ್ ಜೋಡಣೆಯಲ್ಲಿ ದೋಷವೆಂದು ವೇತನ ನಿಂತರೆ, ಆ ಸುದ್ದಿ ತಿಳಿಯಲಿಕ್ಕೇ ಅವರು ನಾಡಕಚೇರಿಗೆ ಬಸ್ಸು ಹತ್ತಬೇಕು. ಲಿಖಿತ ನೋಟಿಸ್ ಕೊಡದೆ, ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ಪರಿಶೀಲಿಸದೆ ಯಾರ ವೇತನವನ್ನೂ ತಡೆಯಬಾರದೆಂದು ಕಂದಾಯ ಇಲಾಖೆ ಆದೇಶ ಹೊರಡಿಸಲಿ. ಕೇಂದ್ರದ ಪಾಲನ್ನು ಹೆಚ್ಚಿಸಿ ಸೂಚ್ಯಂಕಕ್ಕೆ ಜೋಡಿಸುವ ಬೇಡಿಕೆಯನ್ನು ನಮ್ಮ 28 ಲೋಕಸಭಾ ಸದಸ್ಯರು ಪಕ್ಷಭೇದ ಬಿಟ್ಟು ಮುಂದಿನ ಬಜೆಟ್‌ಗೆ ಮೊದಲೇ ಹಣಕಾಸು ಸಚಿವರ ಮುಂದಿಡಲಿ.

– ಓದುಗರೊಬ್ಬರು, ಬಂಟ್ವಾಳ